ಸ್ಪೀಕರಿಗೆ ಪೆಟ್ಟಿಗೆ ಯಾಕೆ?

ಗಣೇಶನ ಹಬ್ಬದಲ್ಲೋ ಊರ ತೇರಿನಲ್ಲೋ ಪೆಂಡಾಲಿನ ಎರಡು ಪಕ್ಕಕ್ಕೂ ಆಳೆತ್ತರ ಪೇರಿಸಿಟ್ಟ ಕಪ್ಪು ಪೆಟ್ಟಿಗೆಗಳನ್ನು ನೀವು ನೋಡೇ ಇರುತ್ತೀರಿ. ಮೈಕ್ ಸೆಟ್ ಅಣ್ಣ ಬೇರೆ ಕಡೆ ನೋಡುವ ಹೊತ್ತಿಗೆ ಮೆಲ್ಲಗೆ ಹೋಗಿ ಅದರ ಮೇಲೆ ಅಂಗೈ ಇಟ್ಟೂ ಇರುತ್ತೀರಿ. ಹಲಗೆ ಗಡಗಡ ಅನ್ನುತ್ತದೆ, ಎದೆಯೊಳಗೂ ಏನೋ ಗುದ್ದಿದ ಹಾಗಾಗುತ್ತದೆ. ಇಷ್ಟು ದೊಡ್ಡ ಸದ್ದು ಮಾಡಬೇಕಾದರೆ ಒಳಗೆ ಏನೇನು ಯಂತ್ರ ತುಂಬಿದ್ದಾರೋ ಅನ್ನಿಸಿರಲೂಬಹುದು.

ಒಂದು ಗುಟ್ಟು ಹೇಳಲೇ? ಅದರೊಳಗೆ ಹೆಚ್ಚುಕಡಿಮೆ ಏನೂ ಇಲ್ಲ. ಮುಂದಿನ ಹಲಗೆಗೆ ಬಿಗಿದ ಒಂದೆರಡು ಸ್ಪೀಕರು, ನಾಲ್ಕಾರು ವೈರು, ಒಂದಿಷ್ಟು ಹತ್ತಿ. ಮಿಕ್ಕಿದ್ದೆಲ್ಲ ಗಾಳಿ. ಬರೀ ಗಾಳಿ ತುಂಬಿಡಲು ಅಷ್ಟು ದಪ್ಪ ಹಲಗೆ, ಅಷ್ಟೊಂದು ಸ್ಕ್ರೂ, ಅಷ್ಟು ಅಂಟು ಯಾಕೆ ಬೇಕು? ಇವತ್ತು ನಾವಿಬ್ಬರೂ ಸೇರಿ ಇದನ್ನೇ ಹುಡುಕೋಣ. ಹುಡುಕುತ್ತಾ ಹುಡುಕುತ್ತಾ ಕಾಗದದ ಮೇಲೆ ಒಂದು ಪೆಟ್ಟಿಗೆಯನ್ನೂ ಕಟ್ಟಿಬಿಡೋಣ.

ಮೊದಲು ಸ್ಪೀಕರನ್ನು ನೋಡಬೇಕು. ಮನೆಯಲ್ಲಿ ಕೆಟ್ಟು ಕೂತ ರೇಡಿಯೋ ಇದ್ದರೆ ದೊಡ್ಡವರನ್ನು ಕೇಳಿ ಬಿಚ್ಚಿಸಿ. ಪ್ಲಗ್ಗು ಗೋಡೆಯಿಂದ ಕಿತ್ತಿರಬೇಕು, ಅದು ಮರೆಯುವ ಹಾಗಿಲ್ಲ. ಒಳಗೆ ಕಾಗದದ ಬಟ್ಟಲಿನಂಥದ್ದು ಸಿಗುತ್ತದೆ. ಮೈಕ್ ಸೆಟ್ ಅಂಗಡಿಯವರು ಕೋನು ಅನ್ನುವುದು ಇದಕ್ಕೇ. ಅದರ ಬೆನ್ನಿಗೆ ಒಂದು ದಪ್ಪ ಬಿಲ್ಲೆ ಇದೆ. ಮೊಳೆ ಹತ್ತಿರ ತನ್ನಿ, ಸರಕ್ಕನೆ ಅಂಟಿಕೊಳ್ಳುತ್ತದೆ. ಅದು ಅಯಸ್ಕಾಂತ. ಕೋನಿನ ತಳಕ್ಕೆ, ಆ ಅಯಸ್ಕಾಂತದ ಸಂದಿಯೊಳಗೆ ಇಳಿದ ಹಾಗೆ, ಸಣ್ಣ ತಾಮ್ರದ ತಂತಿಯ ಒಂದು ಸುರುಳಿ ಅಂಟಿಸಿರುತ್ತಾರೆ. ಅದನ್ನು ಕಾಯಿಲ್ ಅನ್ನುತ್ತಾರೆ.

ಈಗ ಸ್ಪೀಕರಿನ ಎರಡು ತುದಿಗಳಿಗೆ ಎರಡು ವೈರು ಕಟ್ಟಿ, ಟಾರ್ಚಿನ ಒಂದೇ ಒಂದು ಸೆಲ್ಲಿಗೆ ಹೀಗೆ ಮುಟ್ಟಿಸಿ ಹಾಗೆ ತೆಗೆಯಿರಿ. ಟಪ್ ಅಂತ ಕೋನು ಮುಂದಕ್ಕೆ ಜಿಗಿಯುತ್ತದೆ. ಸೆಲ್ಲನ್ನು ತಿರುಗಿಸಿ ಮುಟ್ಟಿಸಿ. ಈಗ ಹಿಂದಕ್ಕೆ. ಸ್ಪೀಕರಿನ ಕೆಲಸ ಇಷ್ಟೇ. ಕರೆಂಟು ಒಂದು ದಿಕ್ಕಿಗೆ ಹರಿದರೆ ಕಾಯಿಲ್ ಮುಂದಕ್ಕೆ, ಇನ್ನೊಂದು ದಿಕ್ಕಿಗೆ ಹರಿದರೆ ಹಿಂದಕ್ಕೆ. ಹಾಡು ಬರುವಾಗ ಕರೆಂಟು ಸೆಕೆಂಡಿಗೆ ನೂರಾರು ಸಲ, ಸಾವಿರಾರು ಸಲ ದಿಕ್ಕು ಬದಲಿಸುತ್ತದೆ. ಕೋನೂ ಅದರ ಹಿಂದೆಯೇ ಹೋಗಿ ಬರುತ್ತದೆ, ಕೋನಿನ ಮುಂದಿನ ಗಾಳಿಯೂ ಹೋಗಿ ಬರುತ್ತದೆ. ಆ ಗಾಳಿಯ ಅಲುಗಾಟ ನಮ್ಮ ಕಿವಿಯ ತಮಟೆಗೆ ತಾಕಿದಾಗ ನಮಗೆ ಹಾಡು ಕೇಳಿಸುತ್ತದೆ.

ಹೀಗೆ ಕಾಗದದ ಕೋನಿನ ಸ್ಪೀಕರನ್ನು ಈಗಿನ ರೂಪಕ್ಕೆ ತಂದವರು ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಬ್ಬರು ಇಂಜಿನಿಯರುಗಳು, 1925ರಲ್ಲಿ. ನಮ್ಮ ಕೋಲಾರ ಜಿಲ್ಲೆಯ ಕೆ.ಜಿ.ಎಫ್. ಚಿನ್ನದ ಗಣಿಗಳಿಗೆ ಶಿವನಸಮುದ್ರದಿಂದ ಕರೆಂಟು ಬಂದದ್ದು 1902ರಲ್ಲಿ. ಅಂದರೆ ಈ ಸ್ಪೀಕರು ಹುಟ್ಟುವುದಕ್ಕೆ ಇಪ್ಪತ್ತಮೂರು ವರ್ಷ ಮೊದಲೇ ಕೋಲಾರಕ್ಕೆ ಕರೆಂಟು ಬಂದು ಕೂತಿತ್ತು! ನೆನೆದಾಗಲೆಲ್ಲ ನನಗೆ ಸಣ್ಣ ಹೆಮ್ಮೆ.

ಸ್ಪೀಕರನ್ನು ಅಂಗಾತ ಮಲಗಿಸಿ ಕೋನಿಗೆ ಒಂದು ಚಿಟಿಕೆ ರಾಗಿ ಹಾಕಿ. ದೊಡ್ಡವರ ಕೈಲಿ ಒಂದು ಸಣ್ಣ ಆಂಪ್ಲಿಫೈಯರಿಗೆ ಸೇರಿಸಿಕೊಂಡು ಹಾಡು ಹಾಕಿಸಿ. ಕೊಳಲು ಬರುವಾಗ ರಾಗಿ ಕಾಳು ಸುಮ್ಮನೆ ನಡುಗುತ್ತವೆ, ಅಷ್ಟೆ. ಡೊಳ್ಳು ಬರುವಾಗ ನೋಡಿ, ಎಗರಿ ಎಗರಿ ಬೀಳುತ್ತವೆ. ದಪ್ಪ ಸ್ವರಕ್ಕೆ ಕೋನು ದೂರ ದೂರ ಹೋಗಿ ಬರಬೇಕು, ಬಹಳ ಗಾಳಿಯನ್ನು ತಳ್ಳಬೇಕು. ತೆಳು ಸ್ವರಕ್ಕೆ ಅಷ್ಟು ಬೇಕಿಲ್ಲ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ.

ಆದರೆ ಒಂದು ವಿಚಿತ್ರ ಗಮನಿಸಿದಿರಾ? ರಾಗಿ ಅಷ್ಟೊಂದು ಎಗರಿದರೂ ಡೊಳ್ಳಿನ ಆ ಗುಡುಗು ಕೇಳಲೇ ಇಲ್ಲ. ಬರೀ ಟಕಟಕ, ಚರಚರ. ಕೋನು ಗಾಳಿಯನ್ನು ತಳ್ಳುತ್ತಿದೆ, ಕಣ್ಣಿಗೇ ಕಾಣುತ್ತಿದೆ, ಸದ್ದು ಮಾತ್ರ ಬರುತ್ತಿಲ್ಲ. ಅದು ಎಲ್ಲಿಗೆ ಹೋಯಿತು?

ಉತ್ತರ ಬಕೆಟ್ಟಿನಲ್ಲಿದೆ. ಬಕೆಟ್ ತುಂಬ ನೀರು ತುಂಬಿ, ಅಂಗೈಯನ್ನು ನೆಟ್ಟಗೆ ಮುಳುಗಿಸಿ, ನಿಧಾನವಾಗಿ ಹಿಂದಕ್ಕೂ ಮುಂದಕ್ಕೂ ಆಡಿಸಿ. ಅಲೆಯೇ ಏಳುವುದಿಲ್ಲ. ಅಂಗೈ ಮುಂದಿನ ನೀರು ಬೆರಳಂಚು ಬಳಸಿಕೊಂಡು ಅಂಗೈ ಹಿಂದಕ್ಕೆ ಹೋಗಿಬಿಡುತ್ತದೆ. ಈಗ ಜೋರಾಗಿ ಆಡಿಸಿ. ಹಿಂದಕ್ಕೆ ಹೋಗಲು ನೀರಿಗೆ ಪುರುಸೊತ್ತೇ ಸಿಗುವುದಿಲ್ಲ, ಬಚ್ಚಲೆಲ್ಲ ಚೆಲ್ಲಾಡುತ್ತದೆ. ಬೈಗುಳ ತಿನ್ನುವ ಜವಾಬ್ದಾರಿ ನಿಮ್ಮದು. ಆದರೆ ಸ್ಪೀಕರಿನ ಕಷ್ಟ ಏನೆಂದು ನಿಮ್ಮ ಕೈಗೇ ಗೊತ್ತಾಯಿತಲ್ಲ.

ಕೋನಿಗೆ ಎರಡು ಮುಖ. ಮುಂದಿನ ಮುಖ ಗಾಳಿಯನ್ನು ಒತ್ತಿದ ಆ ಗಳಿಗೆಯಲ್ಲೇ ಹಿಂದಿನ ಮುಖ ಗಾಳಿಯನ್ನು ಎಳೆಯುತ್ತಿರುತ್ತದೆ. ಮುಂದೆ ಗಾಳಿ ಜಾಸ್ತಿ, ಹಿಂದೆ ಕಮ್ಮಿ. ನಡುವೆ ತಡೆ ಇಲ್ಲದಿದ್ದರೆ ಜಾಸ್ತಿ ಇದ್ದದ್ದು ಅಂಚನ್ನು ಬಳಸಿಕೊಂಡು ಕಮ್ಮಿ ಇದ್ದ ಕಡೆಗೆ ನುಗ್ಗುತ್ತದೆ, ಲೆಕ್ಕ ಅಲ್ಲಿಗೇ ಚುಕ್ತಾ. ದೂರ ನಿಂತ ನಿಮ್ಮ ಕಿವಿಗೆ ಏನೂ ಉಳಿಯುವುದಿಲ್ಲ.

ಹಾಗಾದರೆ ಕೊಳಲು ಹೇಗೆ ಕೇಳಿಸಿತು? ಅದಕ್ಕೆ ಒಂದು ಸಣ್ಣ ಲೆಕ್ಕ ಮಾಡೋಣ, ಸ್ಲೇಟು ತೆಗೆದುಕೊಳ್ಳಿ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಕೋನು ಸೆಕೆಂಡಿಗೆ 50 ಸಲ ಹೋಗಿ ಬರುತ್ತಿದ್ದರೆ, ಒಂದು ಸಲ ಹೋಗಿ ಬರುವಷ್ಟರಲ್ಲಿ ಶಬ್ದ ಎಷ್ಟು ದೂರ ಹೋಗಿರುತ್ತದೆ? 345ನ್ನು 50ರಿಂದ ಭಾಗಿಸಿ. ಸುಮಾರು 7 ಮೀಟರ್, ನಿಮ್ಮ ತರಗತಿಯ ಕೋಣೆಯ ಉದ್ದದಷ್ಟು. ಒಂದು ಗೇಣಿನ ಕೋನಿನ ಅಂಚನ್ನು ಸುತ್ತಿ ಹಿಂದಕ್ಕೆ ಹೋಗುವುದು ಆ ಶಬ್ದಕ್ಕೆ ಏನೂ ಅಲ್ಲ. ಕೋನು ಇನ್ನೂ ಮುಂದಕ್ಕೆ ತಳ್ಳುತ್ತಿರುವಾಗಲೇ ಮುಂದಿನದು ಹಿಂದಕ್ಕೆ ಸೋರಿಹೋಗಿರುತ್ತದೆ.

ಅದೇ ಕೋನು ಸೆಕೆಂಡಿಗೆ 5,000 ಸಲ ಆಡಿದರೆ? ಭಾಗಿಸಿ ನೋಡಿ, 7 ಸೆಂಟಿಮೀಟರ್ ಕೂಡ ಇಲ್ಲ. ಅಂಚು ಮುಟ್ಟುವಷ್ಟರಲ್ಲೇ ಕೋನು ಹಲವು ಸಲ ದಿಕ್ಕು ಬದಲಿಸಿಯಾಗಿರುತ್ತದೆ. ಆದ್ದರಿಂದ ತೆಳು ಸ್ವರ ಉಳಿದುಕೊಳ್ಳುತ್ತದೆ, ದಪ್ಪ ಸ್ವರ ಅಳಿಸಿಹೋಗುತ್ತದೆ.

ನಂಬಿಕೆ ಬರದಿದ್ದರೆ ಒಂದು ದೊಡ್ಡ ರಟ್ಟು ತನ್ನಿ. ಫ್ರಿಜ್ಜು ಬಂದ ಡಬ್ಬದ ರಟ್ಟಾದರೆ ಇನ್ನೂ ಒಳ್ಳೆಯದು. ನಡುವೆ ಕೋನಿನಷ್ಟೇ ಅಗಲದ ತೂತು ಕತ್ತರಿಸಿ, ಹಾಡು ಬರುತ್ತಿರುವ ಸ್ಪೀಕರನ್ನು ಹಿಂದಿನಿಂದ ಆ ತೂತಿಗೆ ಒತ್ತಿ ಹಿಡಿಯಿರಿ. ಅಷ್ಟರವರೆಗೆ ಕಿರಗುಟ್ಟುತ್ತಿದ್ದ ಹಾಡಿಗೆ ಒಂದೇ ಗಳಿಗೆಯಲ್ಲಿ ಮೈ ತುಂಬಿಕೊಳ್ಳುತ್ತದೆ. ತೆಗೆಯಿರಿ, ಹಿಡಿಯಿರಿ, ತೆಗೆಯಿರಿ, ಹಿಡಿಯಿರಿ. ನಾನು ಈ ಆಟವನ್ನು ಮಕ್ಕಳಿಗೆ ತೋರಿಸುವಾಗಲೆಲ್ಲ ಅವರು ಆಂಪ್ಲಿಫೈಯರಿನ ತಿರುಪನ್ನು ಯಾರು ಮುಟ್ಟಿದರು ಅಂತ ತಿರುಗಿ ನೋಡುತ್ತಾರೆ. ಯಾರೂ ಮುಟ್ಟಿರುವುದಿಲ್ಲ. ರಟ್ಟು ಮುಂದಿನ ಗಾಳಿಗೂ ಹಿಂದಿನ ಗಾಳಿಗೂ ನಡುವೆ ಗೋಡೆ ಹಾಕಿತು, ಅಷ್ಟೆ.

ರಟ್ಟು ದೊಡ್ಡದಾದಷ್ಟೂ ಇನ್ನೂ ದಪ್ಪ ಸ್ವರಗಳು ಉಳಿಯುತ್ತವೆ. ಆದರೆ 7 ಮೀಟರಿನ ಅಲೆಗೆ ಸರಿಯಾದ ರಟ್ಟು ಅಂದರೆ ಅದು ಮನೆಯ ಗೋಡೆಯೇ ಆಗಬೇಕು. ಶ್ರೀನಿವಾಸಪುರದ ಮದುವೆ ಮುಗಿಸಿ ಮುಳಬಾಗಿಲಿನ ಜಾತ್ರೆಗೆ ಹೊರಟ ಮೈಕ್ ಸೆಟ್‌ನವರು ಟೆಂಪೋದಲ್ಲಿ ಗೋಡೆ ಹೊತ್ತುಕೊಂಡು ಹೋಗಲಾದೀತೆ? ಏನು ಮಾಡೋಣ ಹೇಳಿ. ರಟ್ಟಿನ ನಾಲ್ಕು ಅಂಚುಗಳನ್ನೂ ಹಿಂದಕ್ಕೆ ಮಡಿಸಿ. ಬೆನ್ನಿಗೊಂದು ರಟ್ಟು ಮುಚ್ಚಿ. ಆಯಿತಲ್ಲ, ಪೆಟ್ಟಿಗೆ!

ಪೆಟ್ಟಿಗೆಯ ಮೊದಲ ಕೆಲಸ ಸದ್ದು ಮಾಡುವುದಲ್ಲ. ಹಿಂದಿನ ಗಾಳಿಯನ್ನು ಕೂಡಿಹಾಕಿ, ಅದು ಮುಂದಿನ ಗಾಳಿಯ ಹತ್ತಿರ ಸುಳಿಯದ ಹಾಗೆ ನೋಡಿಕೊಳ್ಳುವುದು.

ಈ ಉಪಾಯ ವಿದೇಶದ ಇಂಜಿನಿಯರುಗಳಿಗಿಂತ ಎಷ್ಟೋ ಮೊದಲೇ ನಮ್ಮ ವಾದ್ಯ ಕಟ್ಟುವವರ ಕೈಗೆ ಗೊತ್ತಿತ್ತು. ಕೋಲಾರದ ಕಡೆಯ ತಮಟೆಯನ್ನು ನೋಡಿ. ಒಂದು ಬಳೆ, ಅದರ ಮೇಲೆ ಬಿಗಿದ ಚರ್ಮ. ಹಿಂದೆ ಏನೂ ಇಲ್ಲ, ಬಟಾಬಯಲು. ಚರ್ಮ ಮುಂದಕ್ಕೆ ಉಬ್ಬಿದಾಗ ಹಿಂದಿನ ಗಾಳಿಯನ್ನು ಎಳೆಯುತ್ತದೆ, ಥೇಟ್ ನಮ್ಮ ಬರೀ ಮೈಯ ಸ್ಪೀಕರು ಮಾಡಿದ ಹಾಗೆ. ಆದ್ದರಿಂದ ದಪ್ಪ ಸ್ವರ ಕಳೆದು, ಕತ್ತರಿಸಿದಂಥ ಚುರುಕು ಪೆಟ್ಟು ಉಳಿಯುತ್ತದೆ. ಬಾರಿಸುವ ಮೊದಲು ಬೆಂಕಿಗೆ ಕಾಯಿಸಿ ಚರ್ಮ ಬಿಗಿ ಮಾಡಿದರಂತೂ ಇನ್ನೂ ಖಡಕ್ಕು. ಮೆರವಣಿಗೆಯಲ್ಲಿ ನೂರು ಜನರ ಗದ್ದಲ ಸೀಳಿಕೊಂಡು ಹೋಗಲು ಬೇಕಾದ್ದು ಅದೇ ತಾನೆ?

ದೇವಸ್ಥಾನದ ನಗಾರಿಯ ದಾರಿ ಬೇರೆ. ಅದರ ಚರ್ಮದ ಹಿಂದೆ ಲೋಹದ ದೊಡ್ಡ ಬೋಗುಣಿ ಇದೆ. ಆ ಬೋಗುಣಿ ಇರುವುದು ಅಂದಕ್ಕಲ್ಲ. ಚರ್ಮದ ಹಿಂದಿನ ಗಾಳಿಯನ್ನು ಅದು ಕೂಡಿಹಾಕುತ್ತದೆ. ಮಂಗಳಾರತಿಯ ಹೊತ್ತಿಗೆ ಬಾರಿಸಿದರೆ ಬೀದಿ ತುದಿಯವರೆಗೂ ಆ ಗುಂ ಸದ್ದು ಹೋಗುವುದಕ್ಕೆ ಇದೂ ಒಂದು ಕಾರಣ. ಸ್ಪೀಕರ್ ಪೆಟ್ಟಿಗೆಯ ಅಜ್ಜ ಯಾರು ಅಂತ ನನ್ನನ್ನು ಕೇಳಿದರೆ ನಗಾರಿ ಅನ್ನುತ್ತೇನೆ.

ತಮಟೆಯ ಹೆಸರು ಬಂದಮೇಲೆ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ಹೆಸರು ಹೇಳದೆ ಮುಂದೆ ಹೋಗಲಾಗದು. ಅವರ ಊರು ಚಿಂತಾಮಣಿ ತಾಲೂಕಿನಲ್ಲಿದೆ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾಗುವವರೆಗೆ ಅದೂ ಕೋಲಾರ ಜಿಲ್ಲೆಯೇ. ತಮಟೆ ಬಾರಿಸಿಯೇ ಅವರು 2023ರಲ್ಲಿ ಪದ್ಮಶ್ರೀ ಪಡೆದರು. ತಮಟೆಗೆ ಮೈಕು ಬೇಕೇ ಎಂದು ಯಾರಾದರೂ ಕೇಳಿದರೆ ಬೀದಿಯಲ್ಲಿ ಬೇಡವೇ ಬೇಡ ಅನ್ನುತ್ತೇನೆ. ಆದರೆ ಪಕ್ಕದಲ್ಲಿ ಒಬ್ಬರು ಹಾಡುತ್ತಿದ್ದರೆ, ಆ ಹಾಡುವ ದನಿಗೆ ಬೇಕು. ಅದಕ್ಕೇ ನಮ್ಮ ಪೆಟ್ಟಿಗೆ.

ಸರಿ, ಗಾಳಿಯನ್ನು ಕೂಡಿಹಾಕಿದೆವು. ಕೂಡಿಹಾಕಿದ ಗಾಳಿ ಸುಮ್ಮನಿರುತ್ತದೆಯೆ? ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು ಹಿಡಿಕೆ ಅದುಮಿ ನೋಡಿ. ಸ್ವಲ್ಪ ಒಳಗೆ ಹೋಗಿ, ಆಮೇಲೆ ನಿಮ್ಮನ್ನೇ ವಾಪಸು ತಳ್ಳುತ್ತದೆ. ಪೆಟ್ಟಿಗೆಯೊಳಗಿನ ಗಾಳಿಯೂ ಹಾಗೆಯೇ ಕೋನಿನ ಬೆನ್ನಿಗೆ ಸ್ಪ್ರಿಂಗ್ ಆಗಿ ನಿಲ್ಲುತ್ತದೆ. ಪೆಟ್ಟಿಗೆ ಚಿಕ್ಕದಾದಷ್ಟೂ ಸ್ಪ್ರಿಂಗ್ ಗಡುಸು, ಕೋನಿಗೆ ದೂರ ಹೋಗಲಾಗದು, ದಪ್ಪ ಸ್ವರ ಕುಂದುತ್ತದೆ. ಜಾತ್ರೆಯ ಬೇಸ್ ಬಾಕ್ಸುಗಳು ಬೀರುವಿನಷ್ಟು ದೊಡ್ಡದಿರುವುದು ಇದಕ್ಕೇ.

ಈಗ ಕಥೆಯ ಸೊಗಸಾದ ಭಾಗಕ್ಕೆ ಬಂದೆವು. ಮುಂದಿನ ಸಲ ಆ ಪೆಟ್ಟಿಗೆಗಳ ಹತ್ತಿರ ಹೋದಾಗ ಮುಂಭಾಗವನ್ನು ಸರಿಯಾಗಿ ನೋಡಿ. ಸ್ಪೀಕರಿನ ಪಕ್ಕದಲ್ಲಿ ಒಂದು ತೂತು ಇರುತ್ತದೆ, ದುಂಡಗೋ ಚೌಕವಾಗಿಯೋ. ಇಷ್ಟು ಕಷ್ಟಪಟ್ಟು ಗಾಳಿಯನ್ನು ಕೂಡಿಹಾಕಿ, ಆಮೇಲೆ ಅದಕ್ಕೊಂದು ಕಿಂಡಿ ಬಿಡುವವರು ಯಾರಾದರೂ ಇದ್ದಾರೆಯೆ?

ಇದ್ದಾರೆ, ಮತ್ತು ಅವರು ಬುದ್ಧಿವಂತರು. ಖಾಲಿ ಬಿಂದಿಗೆಯ ಬಾಯಿಗೆ ಅಂಗೈಯಿಂದ ಮೆಲ್ಲಗೆ ತಟ್ಟಿ. 'ಭುಂ' ಅನ್ನುತ್ತದೆ. ಆ ಸದ್ದು ಬಿಂದಿಗೆಯ ಲೋಹದ್ದಲ್ಲ. ಹೊಟ್ಟೆಯೊಳಗಿನ ಗಾಳಿ ಸ್ಪ್ರಿಂಗಿನ ಕೆಲಸ ಮಾಡುತ್ತದೆ, ಕುತ್ತಿಗೆಯಲ್ಲಿರುವ ಗಾಳಿ ಆ ಸ್ಪ್ರಿಂಗಿನ ಮೇಲೆ ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಪ್ರತಿ ಬಿಂದಿಗೆಗೂ ಅದರದೇ ಒಂದು ಸ್ವರ. ಅರ್ಧ ನೀರು ತುಂಬಿ ತಟ್ಟಿದರೆ ಸ್ವರ ಏರುತ್ತದೆ, ಒಳಗೆ ಗಾಳಿ ಕಮ್ಮಿಯಾಯಿತಲ್ಲ. ನಲ್ಲಿ ಕೆಳಗೆ ಕೊಡ ಇಟ್ಟು ಒಳಗೆ ಹೋದ ಅಮ್ಮ, ತುಂಬುವ ಹೊತ್ತಿಗೆ ಸರಿಯಾಗಿ ಓಡಿ ಬರುತ್ತಾರಲ್ಲ, ಹೇಗೆ? ಅವರ ಕಿವಿ ಈ ಏರುವ ಸ್ವರವನ್ನು ಕಾಯುತ್ತಿರುತ್ತದೆ.

ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ ಕುತ್ತಿಗೆ ಇರುವ ಟೊಳ್ಳು ಗುಂಡುಗಳನ್ನು ಇಟ್ಟುಕೊಂಡು ಈ ಸಂಗತಿಯನ್ನು ಆಳವಾಗಿ ನೋಡಿದರು. 1863ರಲ್ಲಿ ಬಂದ ಅವರ ಪುಸ್ತಕದಲ್ಲಿ ಅದು ಇದೆ. ಅದನ್ನು ಸ್ಪೀಕರ್ ಪೆಟ್ಟಿಗೆಗೆ ತಂದವರು ಅಮೆರಿಕದ ಆಲ್ಬರ್ಟ್ ಥುರಾಸ್. 1930ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಅವರ ಉಪಾಯ ಹೀಗಿತ್ತು: ಹಿಂದಿನ ಗಾಳಿಯನ್ನು ಸುಮ್ಮನೆ ಯಾಕೆ ಹಾಳು ಮಾಡಬೇಕು? ಪೆಟ್ಟಿಗೆಯನ್ನೇ ಬಿಂದಿಗೆ ಮಾಡಿ, ಒಂದು ಕುತ್ತಿಗೆ ಕೊಡೋಣ. ಕೋನು ಹಿಂದಿನಿಂದ ಅದನ್ನು ತಟ್ಟುತ್ತಿರಲಿ. ಅಳತೆ ಸರಿಯಾಗಿದ್ದರೆ, ಕುತ್ತಿಗೆಯ ಗಾಳಿ ತನ್ನ ಸ್ವರದ ಹತ್ತಿರ ಕೋನಿನ ಮುಂಭಾಗದ ಜೊತೆಗೇ ಹೆಜ್ಜೆ ಹಾಕಿ ಹೊರಕ್ಕೆ ತಳ್ಳುತ್ತದೆ. ಮೊದಲು ಜಗಳವಾಡುತ್ತಿದ್ದ ಹಿಂದಿನ ಗಾಳಿ ಈಗ ಸಹಾಯಕ್ಕೆ ಬಂತು.

ಅಳತೆ ಸರಿಯಾಗಿದ್ದರೆ ಅಂದೆನಲ್ಲ, ಅಲ್ಲೇ ಇದ್ದದ್ದು ತೊಡಕು. ಬಹಳ ವರ್ಷ ಜನ ಅಂದಾಜಿನಲ್ಲೇ ಪೆಟ್ಟಿಗೆ ಮಾಡುತ್ತಿದ್ದರು. 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್, ಅವರಾದ ಮೇಲೆ 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್, ಈ ಕೆಲಸವನ್ನು ಲೆಕ್ಕಕ್ಕೆ ಇಳಿಸಿದರು. ಈಗ ಒಳ್ಳೆಯ ಸ್ಪೀಕರು ಕೊಂಡರೆ ಜೊತೆಗೆ ಒಂದು ಚೀಟಿ ಬರುತ್ತದೆ. ಅದರಲ್ಲಿ ಅವರಿಬ್ಬರ ಹೆಸರಿನ ಅಂಕಿಗಳಿರುತ್ತವೆ. ಆ ಅಂಕಿ ಇಟ್ಟುಕೊಂಡು ಪೆಟ್ಟಿಗೆ ಎಷ್ಟು ಲೀಟರಿನದಾಗಬೇಕು, ಕುತ್ತಿಗೆ ಎಷ್ಟು ಉದ್ದ ಬೇಕು ಎಂದು ಯಾರು ಬೇಕಾದರೂ ಕಂಡುಹಿಡಿಯಬಹುದು. ಚೀಟಿ ಇಲ್ಲದ ಸ್ಪೀಕರನ್ನು ಅಗ್ಗ ಅಂತ ಕೊಳ್ಳಬೇಡಿ, ಪೆಟ್ಟಿಗೆ ಕಟ್ಟುವಾಗ ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಬನ್ನಿ, ನಮ್ಮ ಪೆಟ್ಟಿಗೆಗೆ ಇಳಿಯೋಣ. 12 ಇಂಚಿನ ಕೋನು, 60 ಲೀಟರ್ ಗಾಳಿ ಅಂತ ಇಟ್ಟುಕೊಳ್ಳೋಣ, ಹೆಚ್ಚುಕಡಿಮೆ ನಾಲ್ಕು ಕೊಡ ನೀರು ಹಿಡಿಯುವಷ್ಟು ಜಾಗ. ಒಳಗಿನ ಅಳತೆ ಎತ್ತರ 50, ಅಗಲ 40, ಆಳ 30 ಸೆಂಟಿಮೀಟರ್. ಗುಣಿಸಿ. 60,000 ಘನ ಸೆಂಟಿಮೀಟರ್ ಬಂತೆ? ಸಾವಿರಕ್ಕೆ ಒಂದು ಲೀಟರ್, ಅಲ್ಲಿಗೆ 60. ಸ್ಪೀಕರಿನ ಹಿಂಭಾಗ, ಒಳಗಿನ ಪಟ್ಟಿಗಳು ಒಂದಿಷ್ಟು ಜಾಗ ತಿನ್ನುತ್ತವೆ, ಅದನ್ನು ಕಟ್ಟುವಾಗ ಸೇರಿಸಿಕೊಂಡರಾಯಿತು.

ಕುತ್ತಿಗೆಗೆ ಪೇಟೆಯಲ್ಲಿ ಏನನ್ನೂ ಹುಡುಕಬೇಕಾಗಿಲ್ಲ. ಪ್ಲಂಬರ್ ಬಳಸುವ 4 ಇಂಚಿನ ಪಿ.ವಿ.ಸಿ. ಪೈಪು ಸಾಕು. ಈ 60 ಲೀಟರ್ ಪೆಟ್ಟಿಗೆಗೆ ಸುಮಾರು 8 ಸೆಂಟಿಮೀಟರ್ ಉದ್ದದ ತುಂಡು ಕೂರಿಸಿದರೆ ಅದರ ಸ್ವರ ಸೆಕೆಂಡಿಗೆ 50 ಅಲುಗಾಟದ ಹತ್ತಿರ ನಿಲ್ಲುತ್ತದೆ. ತುಂಡನ್ನು 16 ಸೆಂಟಿಮೀಟರ್ ಮಾಡಿದರೆ 41ಕ್ಕೆ ಇಳಿಯುತ್ತದೆ. ಆರ್ಕೆಸ್ಟ್ರಾದ ಬೇಸ್ ಗಿಟಾರಿನ ಅತಿ ದಪ್ಪ ತಂತಿಯ ಸ್ವರವೂ ಸರಿಯಾಗಿ 41! ಕುತ್ತಿಗೆ ಉದ್ದವಾದರೆ ಸ್ವರ ಇಳಿಯುತ್ತದೆ, ಅಗಲವಾದರೆ ಏರುತ್ತದೆ. ಆದರೆ 41ಕ್ಕೆ ಇಳಿಸಿದರೆ ಎಲ್ಲ ಕೋನುಗಳೂ ಚೆನ್ನಾಗಿ ಹಾಡುತ್ತವೆ ಅಂತಲ್ಲ, ನಿಮ್ಮ ಕೋನಿಗೆ ಯಾವುದು ಹೊಂದುತ್ತದೆ ಅನ್ನುವುದನ್ನು ಆ ಚೀಟಿ ಹೇಳುತ್ತದೆ.

ಇನ್ನು ಆಕಾರ. ನೋಡುವುದಕ್ಕೆ ಸಣ್ಣ ವಿಷಯ, ಆದರೆ ಇಡೀ ಪೆಟ್ಟಿಗೆಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದೇ. ಅಗಲ ಎಲ್ಲ ಕಡೆ 40 ಇರಲೇಬೇಕೆಂದಿಲ್ಲ. ಮುಂದೆ 50, ಹಿಂದೆ 30 ಇಟ್ಟರೂ ಸರಾಸರಿ 40 ತಾನೆ? ನೀವು ಶಾಲೆಯಲ್ಲಿ ಕಲಿಯುವ ತ್ರಾಪಿಜ್ಯ ಇದು. ಒಂದು ಪಕ್ಕವನ್ನು ನೆಟ್ಟಗೆ ಬಿಟ್ಟು, ಆ 20 ಸೆಂಟಿಮೀಟರ್ ಇಳಿಜಾರನ್ನೆಲ್ಲ ಇನ್ನೊಂದು ಪಕ್ಕಕ್ಕೆ ಕೊಡಿ. ಕಾಗದದ ಮೇಲೆ ಬರೆದು ಕೋನಮಾಪಕ ಇಟ್ಟು ನೋಡಿ, ಸುಮಾರು 34 ಡಿಗ್ರಿ ಸಿಗುತ್ತದೆ.

ಇದರಿಂದ ಏನು ಲಾಭ? ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರೆ ಅದು ಜನರ ಕಡೆ ನೋಡುತ್ತದೆ. ಆ ಇಳಿಜಾರು ಪಕ್ಕದ ಮೇಲೆ ಮಲಗಿಸಿದರೆ ಮುಖ ಮೇಲಕ್ಕೆ ಎತ್ತಿಕೊಂಡು ವೇದಿಕೆಯ ಮೇಲಿರುವ ಹಾಡುಗಾರರ ಕಡೆ ನೋಡುತ್ತದೆ. ಹಾಡುವವರಿಗೆ ತಮ್ಮ ದನಿ ತಮಗೆ ಕೇಳಿಸದಿದ್ದರೆ ಶ್ರುತಿ ಜಾರುತ್ತದೆ. ಅದಕ್ಕಾಗಿಯೇ ಇಡುವ ಪೆಟ್ಟಿಗೆಗೆ ಮಾನಿಟರ್ ಅನ್ನುತ್ತಾರೆ. ನಮ್ಮದು ಒಂದೇ ಪೆಟ್ಟಿಗೆ, ಎರಡು ಕೆಲಸ. ಇನ್ನೊಂದು ಲಾಭವೂ ಉಂಟು. ಎದುರುಬದುರು ಗೋಡೆ ಸಮನಾಗಿದ್ದರೆ ಶಬ್ದ ಅವೆರಡರ ನಡುವೆ ಪುಟಿಯುತ್ತಾ ಕೆಲವು ಸ್ವರಗಳನ್ನು ಬೇಡದಷ್ಟು ಎತ್ತಿಬಿಡುತ್ತದೆ. ಒಂದು ಗೋಡೆ ಓರೆಯಾದರೆ ಆ ಹಟ ಕಮ್ಮಿ.

ಹಲಗೆಗೆ 18 ಮಿಲಿಮೀಟರ್ ಪ್ಲೈವುಡ್. ಎಂಟು ಅಡಿ, ನಾಲ್ಕು ಅಡಿಯ ಒಂದು ಹಾಳೆಯಲ್ಲಿ ಜಾಣತನದಿಂದ ಗೆರೆ ಹಾಕಿದರೆ ಎರಡು ಪೆಟ್ಟಿಗೆ ಬರುತ್ತದೆ. ಕೊಯ್ಯುವ ಕೆಲಸ ಬಡಗಿಗಳದ್ದು, ಗೆರೆ ಹಾಕುವ ಕೆಲಸ ನಿಮ್ಮದು. ತೆಳು ಹಲಗೆ ಹಗುರವೇನೋ ಹೌದು. ಆದರೆ ಹಲಗೆಯೇ ನಡುಗಿದರೆ ಅದು ತನ್ನದೇ ಸದ್ದು ಸೇರಿಸುತ್ತದೆ, ನಮಗೆ ಬೇಕಾದ್ದು ಹಾಡುಗಾರರ ಸದ್ದು. ಒಳಗೆ ಎದುರು ಗೋಡೆಗಳ ನಡುವೆ ಒಂದು ಮರದ ಪಟ್ಟಿ ಅಡ್ಡ ಕೊಟ್ಟು ಅಂಟಿಸಿ, ಗೆಣ್ಣಿನಿಂದ ತಟ್ಟಿ ಕೇಳಿ. ಪಟ್ಟಿಗೆ ಮೊದಲು 'ಡಂಯ್' ಅಂದದ್ದು ಈಗ 'ಟಕ್' ಅನ್ನಬೇಕು.

ಮೂಲೆಗಳಿಗೆಲ್ಲ ಮರದ ಅಂಟು ಧಾರಾಳವಾಗಿ ಹಚ್ಚಿ ಸ್ಕ್ರೂ ಬಿಗಿಯಬೇಕು. ಕೂದಲೆಳೆಯಷ್ಟು ಸಂದಿ ಉಳಿದರೂ ಗಾಳಿ ಅಲ್ಲಿ ನುಸುಳಿ ಸುಯ್ಯ್ ಅನ್ನುತ್ತದೆ. ಒಳಗೋಡೆಗೆ ಹತ್ತಿ ಅಥವಾ ನಾರಿನ ಹಾಸು ಅಂಟಿಸಿದರೆ ಪುಟಿಯುವ ಸದ್ದು ಅದರಲ್ಲಿ ಅಡಗುತ್ತದೆ, ಪೈಪಿನ ಬಾಯಿ ಮಾತ್ರ ಮುಚ್ಚಬಾರದು. ಕೋನಿಗೆ ಜಾಲರಿ, ಎರಡು ಹಿಡಿಕೆ, ತಳದಲ್ಲಿ ಕಂಬ ಸಿಕ್ಕಿಸುವ ಕುಳಿ. ಸ್ಪೀಕರ್ ಕಂಬಗಳ ತುದಿ ಸಾಮಾನ್ಯವಾಗಿ 35 ಮಿಲಿಮೀಟರ್.

ತೆಳು ಸ್ವರದ ಕಥೆ ಉಳಿಯಿತು. 12 ಇಂಚಿನ ಭಾರದ ಕೋನು ಸೆಕೆಂಡಿಗೆ ಹತ್ತು ಸಾವಿರ ಸಲ ಆಡಲಾರದು. ಅದಕ್ಕೆ ಬೆರಳಗಲದ ಒಂದು ಪುಟ್ಟ ಪೊರೆ ಬೇಕು. ಆದರೆ ಅಷ್ಟು ಪುಟ್ಟದು ಬಯಲಿನ ಗಾಳಿಯನ್ನು ಹೇಗೆ ತಳ್ಳೀತು? ಹೊಲದ ಆಚೆ ಬದಿಯವರನ್ನು ಕೂಗುವಾಗ ಬಾಯಿಯ ಸುತ್ತ ಎರಡು ಕೈಯನ್ನೂ ಹಿಡಿಯುತ್ತೀರಲ್ಲ, ಅದೇ ಉಪಾಯ. ಪೊರೆಯ ಮುಂದೆ ಬರುಬರುತ್ತಾ ಅಗಲವಾಗುವ ಹಾರ್ನ್ ಕೂರಿಸುತ್ತಾರೆ. ಗುಡಿಯ ಗೋಪುರಕ್ಕೆ ಕಟ್ಟಿದ ಮೈಕಿನ ಹಾರ್ನಿಗೂ ಇದೇ ತತ್ವ. ಅದರ ಮಾತು ಪಕ್ಕದೂರಿಗೂ ಕೇಳುತ್ತದೆ, ಮೃದಂಗ ಮಾತ್ರ ಡಬ್ಬ ಬಡಿದ ಹಾಗಿರುತ್ತದೆ. ಅಷ್ಟು ಚಿಕ್ಕ ಹಾರ್ನಿಗೆ ದಪ್ಪ ಸ್ವರ ಹಿಡಿಯದು.

ದಪ್ಪದ್ದು ಕೋನಿಗೆ, ತೆಳುವಾದದ್ದು ಹಾರ್ನಿಗೆ ಅಂತ ಪಾಲು ಮಾಡಿ ಕಳಿಸುವವರು ಯಾರು? ಪೆಟ್ಟಿಗೆಯೊಳಗಿನ ಕ್ರಾಸ್‌ಓವರ್ ಎಂಬ ಸಣ್ಣ ಹಲಗೆ. ತಂತಿಯ ಸುರುಳಿ ನಿಧಾನದ ಕರೆಂಟನ್ನು ಮಾತ್ರ ಸಲೀಸಾಗಿ ಬಿಡುತ್ತದೆ, ಕೆಪಾಸಿಟರ್ ವೇಗದ್ದನ್ನು ಮಾತ್ರ. ಇದರ ಕಥೆ ಇನ್ನೊಂದು ದಿನಕ್ಕೆ ಇರಲಿ, ಅದೇ ಒಂದು ದೊಡ್ಡ ಪಾಠ.

ಹೀಗೆ ಎರಡು ಪೆಟ್ಟಿಗೆ ಇದ್ದರೆ ಎಷ್ಟೊಂದು ಸಂಗೀತಕ್ಕೆ ಆಗುತ್ತದೆ ನೋಡಿ. ಹರಿಕಥೆಗೆ ಕಂಬದ ಮೇಲೆ ಎರಡು ಪೆಟ್ಟಿಗೆ ಸಾಕು. ಬುರ್ರಕಥೆಗೆ, ಭಜನೆಗೆ ಒಂದನ್ನು ಜನರ ಕಡೆ ನಿಲ್ಲಿಸಿ, ಇನ್ನೊಂದನ್ನು ಹಾಡುವವರ ಮುಂದೆ ಮಲಗಿಸಿ. ಆರ್ಕೆಸ್ಟ್ರಾ ಬಂದರೆ ಮಾತ್ರ ಇದರ ಕೆಳಗೆ ದೊಡ್ಡ ಬೇಸ್ ಬಾಕ್ಸ್ ಬೇಕು. ಎಲ್ಲ ಕೆಲಸಕ್ಕೂ ಗೋಡೆಯಂತೆ ಪೆಟ್ಟಿಗೆ ಪೇರಿಸುವುದು ನನಗೆ ಹಿಡಿಸದು. ಇಬ್ಬರು ಎತ್ತಿ ಟೆಂಪೋಗೆ ಹಾಕಬಹುದಾದ ಪೆಟ್ಟಿಗೆಯೇ ಒಳ್ಳೆಯ ಪೆಟ್ಟಿಗೆ.

ಬಯಲಿನಲ್ಲಿ ಶಬ್ದ ಬೇಗ ತೆಳುವಾಗುತ್ತದೆ. ಕೋಲಾರದ ಅಂತರಗಂಗೆ ಬೆಟ್ಟದ ಮೇಲೆ ತೇರಹಳ್ಳಿಯಲ್ಲಿ ಆದಿಮ ಸಾಂಸ್ಕೃತಿಕ ಕೇಂದ್ರವಿದೆ, ಹುಣ್ಣಿಮೆಯ ರಾತ್ರಿ ಅಲ್ಲಿ ಹಾಡು, ನಾಟಕ ನಡೆಯುತ್ತವೆ. ಅಂಥ ಜಾಗದಲ್ಲಿ ಸದ್ದನ್ನು ವಾಪಸು ಕಳಿಸಲು ಗೋಡೆಯಿಲ್ಲ, ಸೂರಿಲ್ಲ. ನೀವು ಪೆಟ್ಟಿಗೆಯಿಂದ 5 ಮೀಟರ್ ದೂರದಿಂದ 10 ಮೀಟರಿಗೆ ಹೋದರೆ ಕಿವಿಗೆ ಬರುವ ಶಬ್ದದ ಶಕ್ತಿ ಅರ್ಧವಲ್ಲ, ಕಾಲು ಭಾಗವಾಗುತ್ತದೆ. ಹಿಂದೆ ಕೂತವರಿಗೆ ಕೇಳಲಿ ಅಂತ ತಿರುಪು ಏರಿಸಿದರೆ ಮುಂದೆ ಕೂತ ಮಕ್ಕಳ ಕಿವಿಗೆ ಏಟು. ಅದರ ಬದಲು ಪೆಟ್ಟಿಗೆಗಳನ್ನು ತಲೆಗಿಂತ ಎತ್ತರಕ್ಕೆ ಏರಿಸಿದರೆ ಮುಂದಿನವರಿಗೂ ಹಿಂದಿನವರಿಗೂ ಇರುವ ದೂರದ ವ್ಯತ್ಯಾಸ ಕಡಿಮೆಯಾಗುತ್ತದೆ. ಕಂಬ ಇರುವುದೇ ಅದಕ್ಕೆ. ಹಾಂ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕಬಾರದೆಂದು 2000ನೇ ಇಸವಿಯಿಂದ ಕಾನೂನಿದೆ, ವಿಶೇಷ ಅನುಮತಿ ಇದ್ದರೆ ಬೇರೆ ಮಾತು.

ಪೆಟ್ಟಿಗೆ ಕಟ್ಟಿ ಮುಗಿದ ದಿನ ಮಾಡುವ ಪರೀಕ್ಷೆ ಒಂದಿದೆ. ಮೊಬೈಲಿನಲ್ಲಿ ಬೇಕಾದ ಸ್ವರ ಹುಟ್ಟಿಸುವ ಆ್ಯಪ್ ಸಿಗುತ್ತದೆ. ದೊಡ್ಡವರ ಕೈಲಿ ಅದನ್ನು ಆಂಪ್ಲಿಫೈಯರಿಗೆ ಸೇರಿಸಿ, ಸದ್ದು ಸಣ್ಣಗಿಟ್ಟು, ಸೆಕೆಂಡಿಗೆ 80 ಅಲುಗಾಟದಿಂದ ಶುರುಮಾಡಿ ನಿಧಾನವಾಗಿ ಇಳಿಸುತ್ತಾ ಬನ್ನಿ. ಪೈಪಿನ ಬಾಯಿಯ ಮುಂದೆ ಒಂದು ಊದುಬತ್ತಿ ಹಿಡಿಯಿರಿ. ಮೊದಮೊದಲು ಹೊಗೆ ಸುಮ್ಮನೆ ನೆಟ್ಟಗೆ ಏರುತ್ತದೆ. 8 ಸೆಂಟಿಮೀಟರಿನ ಪೈಪು ಕೂರಿಸಿದ್ದರೆ 50ರ ಹತ್ತಿರ ಬಂದಂತೆ ಹೊಗೆ ಒಳಕ್ಕೂ ಹೊರಕ್ಕೂ ತೊನೆದು ಚದುರಿಹೋಗುತ್ತದೆ. ಅದೇ ಹೊತ್ತಿಗೆ ಕೋನನ್ನು ನೋಡಿ, ಹೆಚ್ಚುಕಡಿಮೆ ಆಡುವುದನ್ನೇ ನಿಲ್ಲಿಸಿರುತ್ತದೆ! ಆ ಸ್ವರದಲ್ಲಿ ಹಾಡುತ್ತಿರುವುದು ಕೋನಲ್ಲ, ಪೈಪಿನ ಗಾಳಿ.

ಕೋನು ಅತಿ ಕಮ್ಮಿ ಆಡಿದ ಅಂಕಿ ಯಾವುದು ನೋಡಿ. 50ರ ಬದಲು 46 ಬಂದರೆ ಪೈಪು ಉದ್ದವಾಗಿದೆ, ಒಂದು ಬೆರಳಗಲ ಕೊಯ್ಯಿಸಿ ಮತ್ತೆ ಪರೀಕ್ಷಿಸಿ. ಮೊದಲು ಪೈಪನ್ನು ಲೆಕ್ಕಕ್ಕಿಂತ ಉದ್ದವಾಗಿಯೇ ಕತ್ತರಿಸಬೇಕೆನ್ನುವುದು ಇದಕ್ಕೇ. ಸರಿಬಂದ ಮೇಲೆ ಆ ಅಂಕಿಯನ್ನೂ ಪೈಪಿನ ಉದ್ದವನ್ನೂ ಪೆಟ್ಟಿಗೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದಿಡಿ. ಎರಡನೇ ಪೆಟ್ಟಿಗೆ ಕಟ್ಟುವಾಗ ಬೇಕಾಗುತ್ತದೆ.